ಚಾಚದೆ ಉಳಿದ ಕೈ

ಕಾರ್ಕಳದ ಹತ್ತಿರದ ನಮ್ಮ ಕ್ರೈಸ್ತ ಮನೆಯಲ್ಲಿ ಸಂಜೆಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಮುಗಿಯುವ ಹೊತ್ತಿಗೆ ಗದ್ದೆಯಾಚೆಯಿಂದ ತೆಂಬರೆ ಎಂಬ ಪುಟ್ಟ ಚರ್ಮವಾದ್ಯದ ಸದ್ದು ಕೇಳಿಸಿದರೆ ಅಮ್ಮ ಎದ್ದು ಕಿಟಕಿ ಮುಚ್ಚುತ್ತಿದ್ದರು. ದೈವಗಳ ಆರಾಧನೆಯಾದ ಕೋಲವೆಂದರೆ ಸೈತಾನನ ಆಟ ಎಂದು ಅವರಿಗೆ ಅವರ ಅಮ್ಮ ಹೇಳಿದ್ದರು. ನಾನೂ ಹಾಗೆಯೇ ನಂಬಿ ಬೆಳೆದೆ.

ನಲವತ್ತು ದಾಟಿದ ಮೇಲೆ ಒಂದು ಮಾರ್ಚ್ ರಾತ್ರಿ, ನೆರೆಮನೆಯವರ ಕರೆಗೆ ಓಗೊಟ್ಟು ಕಲ್ಕುಡ-ಕಲ್ಲುರ್ಟಿ ಕೋಲಕ್ಕೆ ಹೋದೆ. ನಮಗೆ ಅದು ತಪಸ್ಸು ಕಾಲ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ಕೋಲ ಕಟ್ಟುವ ಮುನ್ನ ಕೊಡುವ ಎಣ್ಣೆ-ವೀಳ್ಯವಾದ ಎಣ್ಣೆಬೂಳ್ಯ ಪಡೆದು ಮಿಂದು ಬಂದ ಕಲಾವಿದರು ಮುಖಕ್ಕೆ ಅರದಳದ ಹಳದಿ ಬಣ್ಣ ಬಳಿದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಅವರ ತಾಯಿ ತೆಂಬರೆ ಬಡಿಯುತ್ತ ಪಾಡ್ದನ, ಅಂದರೆ ದೈವದ ಕಥೆ ಹೇಳುವ ತುಳು ಹಾಡು, ಹೇಳುತ್ತಿದ್ದರು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನ ಕಥೆ ಅದು. ಇಂಥ ಮೂರ್ತಿಯನ್ನು ಇನ್ನೆಲ್ಲೂ ಮಾಡಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ತಂಗಿ ಕಲ್ಲುರ್ಟಿಗೆ ಅದನ್ನು ಸಹಿಸಲಾಗಲಿಲ್ಲ. ಅಣ್ಣತಂಗಿ ಇಬ್ಬರೂ ಮಾಯವಾಗಿ ದೈವಗಳಾದರು, ಅರಸನ ಮೇಲೆ ಸೇಡು ತೀರಿಸಿಕೊಂಡರು. 1432ರಲ್ಲಿ ನಿಂತ ಆ 42 ಅಡಿಯ ಮೂರ್ತಿಯನ್ನು ಬಾಲ್ಯದಿಂದ ನೋಡುತ್ತ ಬಂದವನು ನಾನು. ಅದರ ಬುಡದಲ್ಲಿ ಹರಿದ ರಕ್ತದ ಕಥೆಯನ್ನು ಕೇಳಿದ್ದು ಅಂದೇ ಮೊದಲು. ಅಧಿಕಾರದಲ್ಲಿದ್ದವರು ಕೈಕಾಲಿಗೆ ಮೊಳೆ ಹೊಡೆಸಿದ ಒಬ್ಬನ ಮುಂದೆ ದಿನವೂ ಮೊಣಕಾಲೂರುವ ನನಗೆ, ಈ ಹಾಡನ್ನು ಸೈತಾನನದೆನ್ನಲು ಬಾಯಿ ಬರಲಿಲ್ಲ.

ಗಗ್ಗರವೆಂಬ ಕಾಲಂದಿಗೆ ಕಟ್ಟಿದ ಕಲಾವಿದರ ಕಾಲು ನೆಲಕ್ಕೆ ಬಡಿಯಿತು. ಮೈ ಅದುರಿತು. ಹಗಲಲ್ಲಿ ಅಂಗಳದ ಅಂಚಿನಲ್ಲೇ ನಿಂತು ಮಾತಾಡುತ್ತಿದ್ದ ಮನುಷ್ಯನ ಮುಂದೆ ಈಗ ಮನೆಯ ಯಜಮಾನರು ಕೈಮುಗಿದು ನಿಂತಿದ್ದರು. ನ್ಯಾಯ ಕೇಳುವವರು, ದೂರು ಹೇಳುವವರು ಒಬ್ಬೊಬ್ಬರಾಗಿ ಮುಂದೆ ಬಂದರು. ನುಡಿಯ ನಡುವೆ ದೈವ ನನ್ನತ್ತ ತಿರುಗಿ, ಕ್ರೈಸ್ತರನ್ನು ತುಳುವಿನಲ್ಲಿ ಕರೆಯುವಂತೆ, ‘ಪೊರ್ಬುಲೇ’ ಎಂದು ಕರೆಯಿತು. ಈ ಮನೆಗೂ ನಮ್ಮ ಮನೆಗೂ ಹಿರಿಯರ ಕಾಲದಿಂದ ಇರುವ ನಂಟನ್ನು ನೆನಪಿಸಿ ಗಂಧದ ಪ್ರಸಾದ ನೀಡಲು ಬಂದಿತು. ನಾನು ಕೈಮುಗಿದೆ, ಕೈ ಚಾಚಲಿಲ್ಲ. ಏಕದೇವರಲ್ಲಿ ನನ್ನ ವಿಶ್ವಾಸ ಸಡಿಲವಾಗಿರಲಿಲ್ಲ, ಇಂದಿಗೂ ಸಡಿಲವಾಗಿಲ್ಲ. ದೈವ ಒತ್ತಾಯಿಸದೆ ಮುಂದಿನವರ ಕಡೆ ಹೋಯಿತು. ನೆರೆಮನೆಯಾಕೆ ಮಾತ್ರ ಬಂದು ನನ್ನ ಕೈಗೆ ಒಂದು ಎಳನೀರು ಕೊಟ್ಟರು.

ಅದನ್ನು ಕುಡಿಯುತ್ತಿರುವಾಗ ಅತ್ತೂರಿನ ಸಂತ ಲಾರೆನ್ಸರ ಜಾತ್ರೆ ನೆನಪಾಯಿತು. ಜನವರಿಯ ಆ ಜಾತ್ರೆಗೆ ಈಕೆ ಪ್ರತಿವರ್ಷ ಬರುತ್ತಾರೆ. ಅಮ್ಮನಿಗೆ ಕಾಯಿಲೆಯಾದ ವರ್ಷ ಅವರ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿದ್ದರು. ಹಚ್ಚುವ ಮೊದಲು ಅವರು ನನ್ನಂತೆ ಅಳುಕಿದ್ದನ್ನು ನಾನು ಕಂಡಿಲ್ಲ. ನನ್ನ ನಿರ್ಧಾರ ನನಗೆ ಸರಿ. ಆದರೂ ಆ ಎಳನೀರು ಗಂಟಲಲ್ಲಿ ಸಲೀಸಾಗಿ ಇಳಿಯಲಿಲ್ಲ.

ಬೆಳಗಿನ ಜಾವ ಮನೆಗೆ ಬಂದರೆ ಅಮ್ಮ ಎಚ್ಚರವಾಗಿದ್ದರು.

‘ನಮ್ಮನ್ನು ಕರೆಯಿತೇ?’ ಎಂದು ಕೇಳಿದರು.

ಹೌದೆಂದೆ. ಮತ್ತೇನನ್ನೂ ಕೇಳದೆ ಜಪಸರವನ್ನು ದಿಂಬಿನಡಿ ಇಟ್ಟು ಮಲಗಿದರು.