ಫೋನಿನ ಮೂಲೆಯಲ್ಲಿ ಕೂತಿದ್ದ ‘ಇ’

2024ರ ಜುಲೈ. ನಾಲ್ಕು ದಿನ ಇದ್ದು ಬರೋಣ ಅಂತ ತವರಿಗೆ ಹೋಗಿದ್ದೆ. ಕೊಪ್ಪ ತಾಲೂಕಿನ ನಮ್ಮೂರಲ್ಲಿ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲ ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲೋ ಮರ ಬಿದ್ದಿರುತ್ತದೆ, ಲೈನ್‌ಮ್ಯಾನ್ ಬರುತ್ತಾರೆ. ಇವತ್ತು ಬರದಿದ್ದರೆ ನಾಳೆ ಬರುತ್ತಾರೆ. ಮೂರನೇ ದಿನ ಬೆಳಗ್ಗೆ, ಜೀಪಿನಲ್ಲಿ ಚಾರ್ಜಿಗೆ ಹಾಕಿದ್ದ ಫೋನ್ ತೆಗೆದು ನೋಡಿದೆ. 4ಜಿ ಅಂತ ಇರಬೇಕಾದ ಮೂಲೆಯಲ್ಲಿ ಒಂದು ಸಣ್ಣ ‘ಇ’ ಕೂತಿತ್ತು.

ಅದನ್ನು ನೋಡಿ ಎಷ್ಟು ವರ್ಷವಾಗಿತ್ತೋ! ‘ಇ’ ಅಂದರೆ ಎಡ್ಜ್, 2ಜಿಯ ಕೊನೆಯ ಮೆಟ್ಟಿಲು. ನಮ್ಮ ಗುಡ್ಡದ ಮೇಲಿನ ಟವರ್ ಬ್ಯಾಟರಿ ಖಾಲಿಯಾಗಿ ಮಲಗಿತ್ತು. ನನ್ನ ಫೋನ್ ಹೊಳೆಯಾಚೆ ಎಲ್ಲೋ ಇನ್ನೂ ಉಸಿರಾಡುತ್ತಿದ್ದ ಬೇರೊಂದು ಟವರಿನ 2ಜಿಯನ್ನು ಹಿಡಿದುಕೊಂಡಿತ್ತು. 900 ಮೆಗಾಹರ್ಟ್ಸ್ ಅಲೆಗೆ ಆ ತಾಕತ್ತು ಇದೆ. 4ಜಿಗೆ ಬಳಸುವ 2300 ಮೆಗಾಹರ್ಟ್ಸ್ ಅಲೆಗಿಂತ ಅದು ದೂರ ಹೋಗುತ್ತದೆ, ಮರ ಗೋಡೆಗಳಿಗೆ ಅಷ್ಟು ಬೇಗ ಸೋಲುವುದಿಲ್ಲ. ಹೊರುವ ಭಾರ ಮಾತ್ರ ಕಡಿಮೆ.

ಕಾಫಿ ಲೋಟ ಹಿಡಿದು ಜಗಲಿಗೆ ಬಂದ ದೊಡ್ಡಪ್ಪ, “ಪುಟ್ಟೀ, ನಾಡಿದ್ದು ಹೊಳವಿದ್ಯಾ ನೋಡೇ ನಿನ್ ಫೋನಲ್ಲಿ” ಅಂದರು.

ಹೊಳವು ಅಂದರೆ ಮಳೆ ಬಿಟ್ಟು ನಿಂತ ಹೊತ್ತು. ಅಡಿಕೆ ತೋಟ ಇದ್ದವರಿಗೆ ಜುಲೈ ತಿಂಗಳ ಹೊಳವು ಚಿನ್ನ ಇದ್ದಂತೆ. ಕೊಳೆ ರೋಗ ಬಾರದ ಹಾಗೆ ಬೋರ್ಡೋ ಹೊಡೆಯಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕಲಸಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು. ಹೊಡೆದ ಮೇಲೆ ಅಡಿಕೆ ಗೊನೆಯ ಮೇಲೆ ಒಣಗಲು ಒಂದಷ್ಟು ಗಂಟೆಯಾದರೂ ಬೇಕು. ಮೊದಲ ಸಲ ಮಳೆ ಹಿಡಿಯುವ ಮೊದಲೇ ಹೊಡೆಸಿದ್ದರು. ಈಗ ಎರಡನೆಯದು. ನಲವತ್ತು ದಿನ ದಾಟಿತ್ತು. ಮರ ಹತ್ತಿ ಹೊಡೆಯುವ ಕೊನೆಗಾರ ನಾಡಿದ್ದು ಒಂದೇ ದಿನ ಬಿಡುವು ಅಂದಿದ್ದ. ಅವನು ತಪ್ಪಿದರೆ ಇನ್ನು ಎರಡು ವಾರ ಯಾರೂ ಸಿಗುವುದಿಲ್ಲ.

“ನಿಮ್ ಕಂಪ್ನಿದೇ ಏನೋ ಮಾಡಿದೀನಿ ಅಂದಿದ್ಯಲ್ಲ, ಮಳೆಗಿಳೆ ಎಲ್ಲಾ ತೋರ್ಸತ್ತೆ ಅಂತ.”

ಹೌದು, ಮಾಡಿದ್ದೆ. ಬೆಂಗಳೂರಿನಲ್ಲಿ ನನ್ನ ಕೆಲಸವೇ ಅದು. ರೈತರಿಗೆ ಮಳೆ, ಧಾರಣೆ ತೋರಿಸುವ ಒಂದು ವೆಬ್ ಪುಟವನ್ನು ನಮ್ಮ ತಂಡ ಎಂಟು ತಿಂಗಳು ಕೂತು ಕಟ್ಟಿತ್ತು. “ಇರಿ ದೊಡ್ಡಪ್ಪ, ಒಂದೇ ನಿಮಿಷ” ಅಂದೆ. ಆ ಒಂದು ನಿಮಿಷ ಆಮೇಲೆ ನನ್ನ ಮಾನ ಕಳೆಯಿತು.

ಮೇಲೆ ನೀಲಿ ಗೆರೆ ಕಾಲು ಭಾಗ ಓಡಿ ನಿಂತಿತು. ಪುಟ ಬಿಳಿ. ಸುಮಾರು ಹೊತ್ತಿಗೆ ಒಂದು ಹಸಿರು ಪಟ್ಟಿ ಬಂತು. ಮತ್ತೆ ಬಿಳಿ. ಅಕ್ಷರ ಒಂದೂ ಇಲ್ಲ. ಯಾಕಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅಂದದ ಕನ್ನಡ ಫಾಂಟ್ ಪೂರ್ತಿ ಇಳಿಯುವವರೆಗೆ ಅಕ್ಷರಗಳನ್ನು ಅಡಗಿಸಿಡು ಅಂತ ಬರೆದವಳು ನಾನೇ. ಫಾಂಟ್ ಬದಲಾಗುವಾಗ ಅಕ್ಷರ ಕುಣಿದ ಹಾಗೆ ಕಾಣುತ್ತದೆ, ಅದು ಚೆನ್ನಾಗಿರಲ್ಲ ಅಂತ ಮೀಟಿಂಗಿನಲ್ಲಿ ವಾದ ಬೇರೆ ಮಾಡಿದ್ದೆ.

ಹಲಸಿನ ಮರದ ಹತ್ತಿರ ರೇಂಜ್ ಸ್ವಲ್ಪ ಜಾಸ್ತಿ. ಕೊಡೆ ಹಿಡಿದು ಅಲ್ಲಿಗೆ ಹೋದೆ. ಗೆರೆ ಅರ್ಧಕ್ಕೆ ಬಂತು. ಅಷ್ಟರಲ್ಲಿ ಬೆಂಗಳೂರಿನಿಂದ ಗಂಡನ ಫೋನು. “ಕರೆಂಟ್ ಬಂತಾ?” ಇಲ್ಲ ಅಂತ ಹೇಳಿ ಇಟ್ಟೆ. ಗೆರೆ ಅಲ್ಲೇ ಸತ್ತಿತ್ತು. ಇದೂ ಮರೆತೇ ಹೋಗಿತ್ತು ನೋಡಿ. 2ಜಿಯಲ್ಲಿ ಮಾತು ಬಂದರೆ ಡೇಟಾ ಬಾಯಿ ಮುಚ್ಚಿಕೊಂಡು ನಿಲ್ಲುತ್ತದೆ. ಎರಡೂ ಒಟ್ಟಿಗೆ ನಡೆಯುವುದನ್ನು ಕಲಿಸಿದ್ದು 3ಜಿ.

ಕೊಡೆಯಡಿ ನಿಂತು ಲೆಕ್ಕ ಹಾಕಿದೆ. ನಮ್ಮ ಪುಟದ ತೂಕ 2.9 ಎಂಬಿ. ಎಡ್ಜ್‌ನ ವೇಗ ಪುಸ್ತಕದ ಪ್ರಕಾರ 236 ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಸುಮಾರು 29 ಕೆಬಿ ತನಕ ಹೋಗಬಹುದು. ಆದರೆ ಟವರ್ ದೂರ, ಊರಿಡೀ ಅದನ್ನೇ ಹಿಡಿದು ಎಳೆಯುವಾಗ ಸಿಗುವುದು ಸೆಕೆಂಡಿಗೆ ಐದಾರು ಕೆಬಿ. ಏನೂ ತೊಂದರೆ ಆಗದಿದ್ದರೆ ಎಂಟೂವರೆ ನಿಮಿಷ ಬೇಕು. ಅಷ್ಟು ಹೊತ್ತು ಕಾಯುವ ತಾಳ್ಮೆ ನನಗಿದ್ದರೂ ನಾನು ಬರೆದ ಕೋಡಿಗೆ ಇರಲಿಲ್ಲ. ಮೂವತ್ತು ಸೆಕೆಂಡಿಗೆ ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಅಂತ ಹೇಳಿ ಮೊದಲಿನಿಂದ ಶುರು ಮಾಡುತ್ತಿತ್ತು.

ಆ 2.9 ಎಂಬಿಯಲ್ಲಿ ಏನಿತ್ತು ಅಂತ ಹೇಳಿಬಿಡುತ್ತೇನೆ. ಫಾಂಟು, ಜಿಲ್ಲೆಗಳ ನಕ್ಷೆ ಬಿಡಿಸುವ ಜಾವಾಸ್ಕ್ರಿಪ್ಟು, ಯಾರು ಎಲ್ಲಿ ಒತ್ತಿದರು ಅಂತ ಲೆಕ್ಕ ಇಡುವ ಇನ್ನೊಂದಷ್ಟು. ಎಲ್ಲಕ್ಕಿಂತ ಮೇಲೆ, ಹಿನ್ನೆಲೆಯಲ್ಲಿ ಓಡುವ ಹನ್ನೆರಡು ಸೆಕೆಂಡಿನ ವಿಡಿಯೋ. ಗಾಳಿಗೆ ತೂಗುವ ಗೋಧಿ ಹೊಲ. ಕೊಪ್ಪದಲ್ಲಿ ಗೋಧಿ! ದೊಡ್ಡಪ್ಪನಿಗೆ ಬೇಕಿದ್ದದ್ದು ಒಂದೇ ಸಾಲು.

ನಾಚಿಕೆ ಜಾಸ್ತಿ ಆಗಿದ್ದು ಇದಕ್ಕೆ: ನಾನು ಇಂಟರ್‌ನೆಟ್ ಕಂಡದ್ದೇ ಈ ‘ಇ’ಯಲ್ಲಿ. 2010ರಲ್ಲಿ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವಾಗ ನನ್ನ ಹತ್ತಿರ ನೋಕಿಯಾ 2700 ಇತ್ತು. ಎರಡು ಇಂಚಿನ ಪರದೆ. ತಿಂಗಳಿಗೆ 98 ರೂಪಾಯಿ ಪ್ಯಾಕ್ ಹಾಕಿಸಿ, ಮೆಸೇಜಿನಲ್ಲಿ ಬರುವ ಸೆಟ್ಟಿಂಗ್ ಸೇವ್ ಮಾಡಿಕೊಂಡರೆ ಜಗತ್ತು ಕೈಯಲ್ಲಿ. ಆದರೆ ಆ ಜಗತ್ತಿನಲ್ಲಿ ಕನ್ನಡ ಇರಲಿಲ್ಲ. ಕನ್ನಡ ಪುಟ ತೆಗೆದರೆ ಸಾಲು ಸಾಲು ಚೌಕದ ಡಬ್ಬಿಗಳು.

ಹಾಸ್ಟೆಲಿನಲ್ಲಿ ಸೀನಿಯರ್ ಅಕ್ಕ ಒಬ್ಬಳು ಮಂತ್ರ ಹೇಳಿಕೊಟ್ಟಳು. ಒಪೇರಾ ಮಿನಿ ಅನ್ನುವ ಬ್ರೌಸರ್ ತೆಗೆದು ವಿಳಾಸದ ಜಾಗದಲ್ಲಿ ‘ಒಪೇರಾ’, ಒಂದು ಕೋಲನ್, ‘ಕಾನ್ಫಿಗ್’ ಅಂತ ಟೈಪ್ ಮಾಡಬೇಕು. ಒಂದು ಒಣ ಪಟ್ಟಿ ತೆರೆದುಕೊಳ್ಳುತ್ತದೆ. ಕೆಳಗೆ ಇಳಿಯುತ್ತಾ ಹೋದರೆ, ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಲೇ ಅಂತ ಒಂದು ಸಾಲು. ‘ನೋ’ ಇದ್ದದ್ದನ್ನು ‘ಯೆಸ್’ ಮಾಡಿ ಸೇವ್ ಒತ್ತಬೇಕು. ಒತ್ತಿ, ಪುಟವನ್ನು ಮತ್ತೆ ತೆರೆದೆ. ಡಬ್ಬಿಗಳಿದ್ದ ಕಡೆ ಕನ್ನಡ! ಒತ್ತಕ್ಷರ ದೀರ್ಘ ಎಲ್ಲಾ ಸರಿಯಾಗಿ. ಅಂಚು ಸ್ವಲ್ಪ ಒರಟು, ಹಳೇ ಮದುವೆ ಕಾಗದದ ಪ್ರಿಂಟಿನ ಹಾಗೆ. ರಾತ್ರಿ ಹನ್ನೊಂದೂವರೆಗೆ ರೂಮಿನವರನ್ನೆಲ್ಲ ಎಬ್ಬಿಸಿ ತೋರಿಸಿ ಬೈಸಿಕೊಂಡೆ.

ಒಳಗುಟ್ಟು ಆಮೇಲೆ ತಿಳಿಯಿತು. ಒಪೇರಾ ಮಿನಿ ಪುಟವನ್ನು ನೇರ ಫೋನಿಗೆ ತರುತ್ತಿರಲಿಲ್ಲ. ಎಲ್ಲೋ ದೂರದ ಅವರ ಸರ್ವರ್ ಪುಟವನ್ನು ತೆರೆದು, ಹಿಂಡಿ, ನೀರೆಲ್ಲ ಬಸಿದು, ಹತ್ತರಲ್ಲಿ ಒಂದು ಪಾಲು ಮಾಡಿ ಕಳಿಸುತ್ತಿತ್ತು. ಕನ್ನಡ ಅಕ್ಷರಗಳನ್ನು ಅಲ್ಲೇ ಚಿತ್ರ ಮಾಡಿ ಕಳಿಸುತ್ತಿತ್ತು. ಫೋನಿಗೆ ಕನ್ನಡ ಬರದಿದ್ದರೂ ಚಿತ್ರ ತೋರಿಸಲು ಬರುತ್ತಿತ್ತಲ್ಲ, ಸಾಕು. ಆಂಡ್ರಾಯ್ಡ್‌ಗೆ ಕನ್ನಡ ಸರಿಯಾಗಿ ಬಂದದ್ದು 2012ರಲ್ಲಿ, 4.1 ಬಂದ ಮೇಲೆ. ಅಲ್ಲಿಯವರೆಗೆ ನಾನು ಓದಿದ ಕನ್ನಡವೆಲ್ಲ ಹೀಗೆ ಚಿತ್ರವಾಗಿ ಬಂದದ್ದೇ.

ಆಮೇಲಿನದು ಎಲ್ಲರಿಗೂ ಗೊತ್ತು. 3ಜಿ ಬಂತು, ನಮ್ಮೂರಿಗೆ ಸರಿಯಾಗಿ ಬರುವ ಮೊದಲೇ ಹೋಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾದಾಗ ಸಿಮ್ಮಿಗೆ ಕ್ಯೂ ನಿಂತವರಲ್ಲಿ ನಾನೂ ಒಬ್ಬಳು. 2022ರ ಅಕ್ಟೋಬರಿನಲ್ಲಿ 5ಜಿ. ದಾರಿ ಅಗಲ ಆದ ಹಾಗೆ ನಾವು ಗಾಡಿಗೆ ಸಾಮಾನು ತುಂಬಿದೆವು. ಪುಟ ನಿಧಾನ ಇದೆಯಾ ಅಂತ ನೋಡಲು ಕ್ರೋಮ್‌ನಲ್ಲಿ ಒಂದು ಸೌಲಭ್ಯ ಇದೆ. ಬೇಕೆಂದೇ ನೆಟ್ ನಿಧಾನ ಮಾಡಿ ಪರೀಕ್ಷಿಸಬಹುದು. ಮೊದಲು ಅದರ ಪಟ್ಟಿಯಲ್ಲಿ ಜಿಪಿಆರ್‌ಎಸ್, 2ಜಿ ಎಲ್ಲಾ ಇದ್ದವು. ಆಮೇಲೆ ತೆಗೆದರು. ನಾವು ಪಟ್ಟಿಯಲ್ಲಿ ಉಳಿದದ್ದರಲ್ಲಿ ನಿಧಾನದ್ದು ಯಾವುದೋ ಅದರಲ್ಲಿ ಒಮ್ಮೆ ಓಡಿಸಿ, ಪರವಾಗಿಲ್ಲ ಅಂತ ಟಿಕ್ ಹಾಕಿದ್ದೆವು.

ಪಂಚೆ ಎತ್ತಿ ಕಟ್ಟಿದ್ದ ದೊಡ್ಡಪ್ಪ ಜಗಲಿಯಿಂದ ಕೂಗಿದರು. “ಬಾರೇ ಒಳಗೆ, ಶೀತ ಆಗತ್ತೆ. ನಾಡಿದ್ದು ಹೊಡೆಸೋದೇ.”

“ಹೇಗೆ ಗೊತ್ತಾಯ್ತು?”

“ವರುಣ ಮಿತ್ರಕ್ಕೆ ಮಾಡಿದ್ದೆ.”

ಅವರ ಕೈಯಲ್ಲಿ ಅದೇ ಒತ್ತುಗುಂಡಿಯ ಫೋನು. ಮಧ್ಯದ ಗುಂಡಿಯ ಬಣ್ಣ ಹೋಗಿ ಬೆಳ್ಳಗಾಗಿದೆ. ನಾನು ಹಲಸಿನ ಮರದ ಕೆಳಗೆ ತಿರುಗುತ್ತಿದ್ದಾಗ ಅವರು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಹಾಯವಾಣಿಗೆ ಫೋನ್ ಮಾಡಿ, ಹರಿಹರಪುರ ಹೋಬಳಿ ಅಂತ ಹೇಳಿ, ಉತ್ತರ ಕೇಳಿ, ಕೊನೆಗಾರನಿಗೂ ಹೇಳಿ ಮುಗಿಸಿದ್ದರು. ನಾಡಿದ್ದು ಬೆಳಗ್ಗೆಯಿಂದ ಮಳೆ ಕಡಿಮೆ, ಸಂಜೆಗೆ ಮತ್ತೆ ಬರಬಹುದು ಅಂದರಂತೆ. ಹಾಗಾದರೆ ನನ್ನನ್ನು ಯಾಕೆ ಕೇಳಿದಿರಿ ಅಂದೆ. “ಎರಡು ಕಡೆ ಕೇಳದು ಒಳ್ಳೇದಲ್ವಾ” ಅಂದರು. ನನ್ನ ಮನಸ್ಸಿಗೆ ಬೇಜಾರಾಗದಿರಲಿ ಅಂತ ಹಾಗಂದದ್ದು ಅಂತ ನನ್ನ ಅನುಮಾನ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಆ ಕೇಂದ್ರದವರು ಗ್ರಾಮ ಪಂಚಾಯಿತಿಗೊಂದರಂತೆ ಮಳೆ ಅಳೆಯುವ ಯಂತ್ರ ಇಟ್ಟಿದ್ದಾರೆ. ಬಿಸಿಲಿನಲ್ಲಿ ಚಾರ್ಜ್ ಆಗುವಂಥದ್ದು. ಹದಿನೈದು ನಿಮಿಷಕ್ಕೊಮ್ಮೆ ಎಷ್ಟು ಮಳೆ ಬಿತ್ತು ಅಂತ ಬೆಂಗಳೂರಿಗೆ ತಿಳಿಸುತ್ತದೆ. ಯಾವುದರ ಮೂಲಕ ಅಂದರೆ ಜಿಪಿಆರ್‌ಎಸ್ ಮೂಲಕ. ಅದೇ 2ಜಿ. ಕಳಿಸಬೇಕಾದದ್ದು ನಾಲ್ಕು ಅಂಕಿ ಆದರೆ ದಾರಿ ಎಷ್ಟು ಕಿರಿದಾದರೂ ನಡೆಯುತ್ತದೆ.

ನಾಡಿದ್ದು ಕೊನೆಗಾರ ಬಂದ. ಏಳು ಗಂಟೆಗೇ ಅಂಗಳದ ಡ್ರಮ್ಮಿನಲ್ಲಿ ಸುಣ್ಣದ ನೀರಿಗೆ ಮೈಲುತುತ್ತದ ನೀರು ಬಿದ್ದು ಆಕಾಶದ ಬಣ್ಣವಾಯಿತು. ಮೂರೂವರೆಗೆ ಮುಗಿಸಿದರು. ಐದಕ್ಕೆ ಮಳೆ ಹಿಡಿಯಿತು. ಕೆಳಗಿನ ತೋಟದ್ದು ಸರಿಯಾಗಿ ಒಣಗಿತ್ತೋ ಇಲ್ಲವೋ ಅಂತ ದೊಡ್ಡಪ್ಪ ಇನ್ನೂ ಗೊಣಗುತ್ತಾರೆ.

ಬೆಂಗಳೂರಿಗೆ ಬಂದವಳೇ ಪುಟವನ್ನು ಬಿಚ್ಚಿ ಕೂತೆ. ಸರ್ವರ್ ಮೊದಲ ಬಾರಿಗೆ, ಆ ಕಡೆಯಿಂದ ‘ಸಿಕ್ಕಿತು’ ಅನ್ನುವ ಉತ್ತರಕ್ಕೆ ಕಾಯದೆ, ಸಾಮಾನ್ಯವಾಗಿ ಹತ್ತು ಡೇಟಾ ಪೊಟ್ಟಣ ಕಳಿಸುತ್ತದೆ. ಒಟ್ಟು 14 ಕೆಬಿಯಷ್ಟು. ಅದರೊಳಗೆ ವಿಷಯ ಮುಗಿದರೆ ಹೋಗಿ ಬರುವ ಓಡಾಟ ಉಳಿಯುತ್ತದೆ. ಎಡ್ಜ್‌ನಲ್ಲಿ ಒಂದೊಂದು ಓಡಾಟಕ್ಕೂ ಅರ್ಧ ಸೆಕೆಂಡ್ ಮೇಲೆಯೇ ಹಿಡಿಯುತ್ತದೆ. ಹೋಬಳಿಯ ಹೆಸರು, ಮೂರು ದಿನದ ಮಳೆ, ಇವತ್ತಿನ ಧಾರಣೆ. ಬರೀ ಅಕ್ಷರ, ಫೋನಿನಲ್ಲಿರುವ ಫಾಂಟಿನಲ್ಲೇ. 11 ಕೆಬಿಗೆ ಬಂತು. ನಕ್ಷೆ ಬೇಕಾದವರು ಒತ್ತಿ ನೋಡಲಿ.

ಗೋಧಿ ಹೊಲವನ್ನು ಮಾತ್ರ ಪೂರ್ತಿ ತೆಗೆಯಲು ಬಿಡಲಿಲ್ಲ. ವಿಡಿಯೋ ಇಲ್ಲದಿದ್ದರೆ ಪುಟ ಬೋಳು ಬೋಳು ಅಂತ ಮ್ಯಾನೇಜರ್ ಹಠ. ಮೂರು ಮೀಟಿಂಗ್ ಆಯಿತು. ಕೊನೆಗೆ ವೈಫೈ ಇದ್ದವರಿಗೆ ಮಾತ್ರ ಬರಲಿ ಅಂತ ರಾಜಿ. ಆದರೆ ಈಗ ಅದು ಗೋಧಿ ಅಲ್ಲ. ಅವತ್ತು ತೋಟದಲ್ಲಿ ನಾನೇ ಹಿಡಿದದ್ದು. ಕೊನೆಗಾರ ಒಂದು ಮರದ ತಲೆಯಿಂದ ಇನ್ನೊಂದನ್ನು ಎಳೆದುಕೊಂಡು ದಾಟುವುದು, ಕೆಳಗೆ ದೊಡ್ಡಪ್ಪ ತಲೆ ಎತ್ತಿ ಬಾಯಿ ತೆರೆದು ನಿಂತಿರುವುದು. ಹನ್ನೆರಡೇ ಸೆಕೆಂಡು.

ದೊಡ್ಡಪ್ಪ ಇನ್ನೂ ನೋಡಿಲ್ಲ. ಅವರ ಫೋನಿನಲ್ಲಿ ಬರಲ್ಲ.