ಏಳರಿಂದ ನಾಲ್ಕು, ಸಂದು ಚುಕ್ಕಿ

12 ಜನವರಿ 2025, ಭಾನುವಾರ
ಮೈಸೂರು

ಅಮ್ಮನ ಸ್ಕ್ರ್ಯಾಪ್‌ಬುಕ್‌ನ ಮೂರನೇ ಪುಟ ಇವತ್ತು ಮುಗಿಯಿತು. ಎರಡು ವಾರದಿಂದ ಇದೊಂದೇ ಪುಟದ ಮುಂದೆ ಕತ್ತರಿ ಹಿಡಿದು ಕೂತಿದ್ದೆ.

ಮೊದಲು ಫೋಟೊ ಪ್ರತಿಗಳನ್ನು ಪಂಚಭುಜಕ್ಕೆ ಕತ್ತರಿಸಿದ್ದೆ. ಒಂದೊಂದೇ ನೋಡಿದರೆ ಚೆಂದ, ಪಕ್ಕಪಕ್ಕ ಇಟ್ಟರೆ ಕೂಡುವುದೇ ಇಲ್ಲ. ಅದರ ಒಂದು ಮೂಲೆ 108 ಡಿಗ್ರಿ. ಮೂರು ಮೂಲೆ ಸೇರಿದರೆ 324, ಮಿಕ್ಕ 36 ಡಿಗ್ರಿ ಬಾಯಿ ಬಿಟ್ಟುಕೊಂಡಿರುತ್ತದೆ. ಷಡ್ಭುಜದ ಮೂಲೆ 120. ಮೂರು ಸೇರಿದರೆ ಕೂದಲೆಳೆಯಷ್ಟೂ ಸಂದಿಲ್ಲ.

ಆದರೆ 12 ಇಂಚಿನ ಚೌಕದ ಹಾಳೆಯ ಮೇಲೆ ಅವನ್ನು ಎಲ್ಲಿಂದ ಶುರು ಮಾಡಬೇಕು ಎಂದು ಹೊಳೆದದ್ದು ಇವತ್ತು ಬೆಳಿಗ್ಗೆ, ಬಾಗಿಲಲ್ಲಿ. ಧನುರ್ಮಾಸ ಮುಗಿಯುತ್ತಾ ಬಂತು. ಅಮ್ಮ ನೀರು ಹಾಕಿ ಗುಡಿಸಿ, ರಂಗೋಲಿಗೆ 7ರಿಂದ 4ರವರೆಗೆ ಸಂದು ಚುಕ್ಕಿ ಇಡುತ್ತಿದ್ದಳು, ಅಂದರೆ ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಒಂದು ಚುಕ್ಕಿ. ನಡುವಿನ ಸಾಲಿಗೆ 7, ಅದರ ಮೇಲೂ ಕೆಳಗೂ 6, 5, 4. ಒಟ್ಟು 37. ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದ ಹಾಗೇ ಕಂಡಿತು: ಇಡೀ ಚುಕ್ಕಿಗಳ ಗುಂಪೇ ಒಂದು ಷಡ್ಭುಜ! ಅದರೊಳಗೆ ನಡುವೆ ಒಂದು, ಸುತ್ತ ಆರು, ಹೀಗೆ ಏಳು ಪುಟ್ಟ ಷಡ್ಭುಜದ ಮನೆ ಅಚ್ಚುಕಟ್ಟಾಗಿ ಕೂರುತ್ತವೆ. ಒಂದೊಂದು ಮನೆಯ ನಟ್ಟನಡುವೆ ಒಂದೊಂದು ಚುಕ್ಕಿ. ಹೊರಗುಳಿಯುವುದು ಮೂಲೆಯ ಆರು ಚುಕ್ಕಿ ಮಾತ್ರ.

ಒಳಗೆ ಓಡಿ ಬಂದು ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಅದೇ ಚುಕ್ಕಿ ಇಟ್ಟೆ, ಒಂದೂವರೆ ಇಂಚಿಗೊಂದು. ಏಳು ಚುಕ್ಕಿಯ ಸಾಲು 9 ಇಂಚಾಯಿತು, ಎರಡೂ ಬದಿಗೆ ಒಂದೂವರೆ ಇಂಚು ಜಾಗ ಉಳಿಯಿತು. ರಟ್ಟಿನ ಅಚ್ಚಿಗೆ ಕೈವಾರದಿಂದ ಒಂದೂವರೆ ಇಂಚು ತ್ರಿಜ್ಯದ ವೃತ್ತ ಎಳೆದು, ಅದೇ ಅಳತೆಯಲ್ಲಿ ಪರಿಧಿಯ ಮೇಲೆ ಆರು ಸಲ ಗುರುತು ಹಾಕಿದೆ. ಆರನೆಯದು ಮೊದಲ ಗುರುತಿಗೇ ಬಂದು ಕೂಡುತ್ತದೆ. ಎಷ್ಟು ಸಲ ಮಾಡಿದರೂ ಆ ಕ್ಷಣಕ್ಕೆ ನನಗೆ ಖುಷಿ.

ಕತ್ತರಿಸುವುದು ಸ್ಕ್ಯಾನ್ ಮಾಡಿಸಿದ ಪ್ರತಿಗಳನ್ನು ಮಾತ್ರ, ಮೂಲ ಫೋಟೊಗಳು ಲಕೋಟೆಯಲ್ಲೇ ಇವೆ. ಹಾಗೆ ಮಾಡಿದ್ದು ಎಷ್ಟು ಒಳ್ಳೆಯದಾಯಿತು ಅಂದರೆ, ಅಮ್ಮ ಐದು ವರ್ಷದವಳಿದ್ದಾಗಿನ ಫೋಟೊ ಇದೆಯಲ್ಲ, ತವರುಮನೆ ಅಂಗಳದ್ದು, ಅದನ್ನು ಷಡ್ಭುಜಕ್ಕೆ ಕತ್ತರಿಸಿದಾಗ ಅಂಚಿನಲ್ಲಿದ್ದ ಅಜ್ಜಿಯ ಕೈ ಹೋಗಿಬಿಟ್ಟಿತು. ಫೋಟೊದಲ್ಲಿ ಅಜ್ಜಿ ಅಂತ ಇರುವುದು ಆ ಕೈ ಅಷ್ಟೇ. ಹೊಟ್ಟೆಯಲ್ಲಿ ಸಂಕಟವಾಯಿತು. ಆಕಾರ ಚೆನ್ನಾಗಿ ಬರಲಿ ಅಂತ ಮನುಷ್ಯರನ್ನು ಕತ್ತರಿಸಬಾರದು. ಇನ್ನೊಂದು ಪ್ರತಿ ತೆಗೆಸಿ, ಕೈ ಇರುವ ಭಾಗವನ್ನಷ್ಟೇ ದೊಡ್ಡದು ಮಾಡಿಸಿ, ನಡುಮನೆಯಲ್ಲಿ ಇಟ್ಟೆ. ಸುತ್ತಲಿನ ಆರರಲ್ಲಿ ಅಮ್ಮ ಮತ್ತು ಅವಳ ಒಡಹುಟ್ಟಿದವರು. ಮೂಲೆಯ ಆರು ಚುಕ್ಕಿಗೆ ಕೆಮ್ಮಣ್ಣಿನ ಬಣ್ಣದ ಪುಟ್ಟ ತ್ರಿಕೋನಗಳು.

ಸಂಜೆ ಅಮ್ಮ ಕನ್ನಡಕ ಹಾಕಿಕೊಂಡು ಬಂದಳು. ಆರು ಮುಖಗಳನ್ನು ದಾಟಿ ಬೆರಳು ನೇರ ನಡುಮನೆಗೇ ಹೋಯಿತು.

"ಬಳೆ ನೋಡು, ಮೊಣಕೈವರೆಗೂ ಮೇಲೆ ಸರಿಸಿಕೊಂಡಿದ್ದಾಳೆ. ರಂಗೋಲಿ ಹಾಕೋಕೆ ಹೊರಟಿದ್ದಳು ಕಣೆ."

ಇಷ್ಟು ದಿನ ನೋಡಿದ್ದೆ, ನನಗೆ ಬಳೆ ಕಂಡಿರಲಿಲ್ಲ.