ದೊಡ್ಡ ಚಾನೆಲ್ ಮೇಲಿನ ಸಿಟ್ಟನ್ನು ನಮ್ಮ ಮೇಲಿನ ನಂಬಿಕೆ ಅಂದುಕೊಂಡರೆ

ಹುಬ್ಬಳ್ಳಿಯ ಒಂದು ಸಣ್ಣ ಯೂಟ್ಯೂಬ್ ಸುದ್ದಿ ಚಾನೆಲ್‌ನಲ್ಲಿ ಡೆಸ್ಕ್ ಕೆಲಸ ನನ್ನದು. ಡೆಸ್ಕ್ ಅಂದ್ರೆ ದೊಡ್ಡದೇನಲ್ಲ. ವರದಿಗಾರರು ಕಳಿಸಿದ್ದನ್ನು ನೋಡುವುದು, ಸ್ಕ್ರಿಪ್ಟ್ ತಿದ್ದುವುದು, ಥಂಬ್‌ನೇಲ್ ಅಂದರೆ ವಿಡಿಯೋದ ಮುಖಚಿತ್ರದ ಮೇಲೆ ಏನು ಬರೆಯಬೇಕು ಅಂತ ಜಗಳ ಆಡುವುದು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ನಮ್ಮ ವ್ಯಾಪ್ತಿ. ಹೊಸದಾಗಿ ಚಾನೆಲ್ ಶುರು ಮಾಡುವ ಹುಡುಗರು ಆಗಾಗ ಬಂದು ಕೂರುತ್ತಾರೆ, ಯಾವ ಕ್ಯಾಮೆರಾ, ಯಾವ ಮೈಕು ಅಂತ ಕೇಳುತ್ತಾರೆ. ಅವರು ಕೇಳದ ಒಂದು ವಿಷಯ ಹೇಳಬೇಕು ಅನಿಸಿ ಇದನ್ನು ಬರೆಯುತ್ತಿದ್ದೇನೆ.

ನಮಗೆ ಫೋನ್ ಮಾಡುವವರಲ್ಲಿ ಹೆಚ್ಚಿನವರ ಮೊದಲ ಮಾತು ಒಂದೇ. "ಸರ್, ದೊಡ್ಡ ಚಾನೆಲ್‌ನವ್ರು ಯಾರೂ ತೋರಸಂಗಿಲ್ರಿ. ನೀವರ ತೋರಸ್ರಿ." ಕೇಳಿದ ಕೂಡಲೇ ಎದೆ ಉಬ್ಬುತ್ತದೆ. ಆದರೆ ಆ ಮಾತನ್ನು ಇನ್ನೊಮ್ಮೆ ಓದಿ ನೋಡಿ, ಅದರಲ್ಲಿ ನಮ್ಮ ಕೆಲಸದ ಬಗ್ಗೆ ಒಂದಕ್ಷರವೂ ಇಲ್ಲ. ಅವರಿಗೆ ಬೆಂಗಳೂರಿನ ಸ್ಟುಡಿಯೋಗಳ ಮೇಲೆ ಸಿಟ್ಟಿದೆ, ನಾವು ಹತ್ತಿರ ಇದ್ದೇವೆ, ಅಷ್ಟೇ. ಅದು ನಮ್ಮ ಕೈಗೆ ಬಂದ ಕೈಗಡ. ನಮ್ಮ ಗಳಿಕೆ ಅಂತ ಖರ್ಚು ಮಾಡಲು ಶುರು ಮಾಡಿದರೆ ಬೇಗ ಖಾಲಿ ಆಗುತ್ತದೆ.

ಆ ಸಿಟ್ಟಿಗೆ ಕಾರಣ ಇಲ್ಲ ಅಂತಲ್ಲ. ನರಗುಂದ, ನವಲಗುಂದದ ಕಡೆ ಹೋಗಿ 2015ರಲ್ಲಿ ಶುರುವಾದ ಮಹದಾಯಿ ನದಿ ನೀರಿನ ಧರಣಿಯ ಮಾತು ತೆಗೆದರೆ ಜನ ಹೇಳುವುದು ಇದನ್ನೇ: ರಸ್ತೆ ಬಂದ್ ಆದಾಗ ಕ್ಯಾಮೆರಾ ಬರುತ್ತದೆ, ಲಾಠಿ ಬೀಸಿದಾಗ ಬರುತ್ತದೆ, ಆಮೇಲೆ ಯಾರೂ ಇರುವುದಿಲ್ಲ. ಸರಿ, ನಾವು ಆಮೇಲೂ ಇದ್ದೇವೆ. ಇದ್ದು ಏನು ಮಾಡುತ್ತೇವೆ? ನಮ್ಮಂಥ ಚಾನೆಲ್‌ಗಳ ಥಂಬ್‌ನೇಲ್ ಮೇಲೆ "ನಮ್ಮ ಪಾಲು 13.42 ಟಿಎಂಸಿ" ಅಂತ ದಪ್ಪ ಅಕ್ಷರದಲ್ಲಿ ಬರುತ್ತದೆ. ಸಂಖ್ಯೆ ಸುಳ್ಳಲ್ಲ, ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಕೊಟ್ಟಿದ್ದು ಅಷ್ಟೇ. ಆದರೆ ಅದರಲ್ಲಿ 8.02 ಟಿಎಂಸಿ ವಿದ್ಯುತ್ ಉತ್ಪಾದನೆಗೆ. ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18, ಎರಡೂ ಸೇರಿ ಮಲಪ್ರಭೆಗೆ ತಿರುಗಿಸಿಕೊಳ್ಳಬಹುದಾದದ್ದು 3.9 ಟಿಎಂಸಿ ಮಾತ್ರ. ನವಲಗುಂದದ ರೈತ 13.42 ನೋಡಿದಾಗ ಅಷ್ಟೂ ನೀರು ನಮ್ಮ ಕಡೆಗೇ ಅಂತ ತಿಳಿದುಕೊಳ್ಳುತ್ತಾನೆ. ದೊಡ್ಡ ಚಾನೆಲ್ ಹೇಳಿದ್ದರೆ ಒಂದಿಷ್ಟು ಅನುಮಾನ ಪಡುತ್ತಿದ್ದನೋ ಏನೋ, ನಾವು ಹೇಳಿದ್ದಕ್ಕೆ ಅನುಮಾನವೇ ಇಲ್ಲ. ಅದಕ್ಕೇ ನಮ್ಮಲ್ಲಿ ಈಗ ಮಹದಾಯಿ ಅಂದರೆ ಮೂರೂ ಸಂಖ್ಯೆ ಬಿಡಿಸಿ ಹೇಳದೆ ವಿಡಿಯೋ ಹೊರಗೆ ಹೋಗುವುದಿಲ್ಲ. ಕೇಂದ್ರ ಸರ್ಕಾರ 2020ರ ಫೆಬ್ರವರಿಯಲ್ಲಿ ಐತೀರ್ಪನ್ನು ಗೆಜೆಟ್‌ನಲ್ಲಿ ಹಾಕಿತಲ್ಲ, ಅದರ ಪುಟವನ್ನು ಪರದೆ ಮೇಲೆ ತೋರಿಸುತ್ತೇವೆ. ಸುಮ್ನೆ ಓದಿ ಹೇಳಿದರೆ ಸಾಲದು, ಬೇಕಾದವರು ತಡೆದು ನಿಲ್ಲಿಸಿ ಓದಿಕೊಳ್ಳುವ ಹಾಗಿರಬೇಕು.

ಇನ್ನು ಮೈಕು. ಲೋಗೋ ಇರುವ ಮೈಕು ಹಿಡಿದರೆ ಕಚೇರಿಯ ಗುಮಾಸ್ತರು ಎದ್ದು ನಿಲ್ಲುತ್ತಾರೆ, ಕೊರಳಲ್ಲಿ ಕಾರ್ಡು, ಬೈಕಿನ ಮೇಲೆ ಪ್ರೆಸ್ ಅಂತ ಸ್ಟಿಕ್ಕರ್. ಈ ಅಧಿಕಾರ ಕೊಟ್ಟವರು ಯಾರು ಅಂತ ಕೇಳಿದರೆ ಉತ್ತರ ಇಲ್ಲ, ಪ್ರಿಂಟಿಂಗ್ ಅಂಗಡಿಯವನು ಅನ್ನಬೇಕು. ಪತ್ರಿಕೆಗಳಿಗೆ ನೋಂದಣಿ ಇದೆ. 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದು 1867ರ ಹಳೇ ಕಾಯ್ದೆಯ ಜಾಗ ಹಿಡಿಯಿತು, ಆದರೆ ಅದರೊಳಗೆ ನಮ್ಮಂಥ ಯೂಟ್ಯೂಬ್ ಸುದ್ದಿಯವರು ಬರುವುದಿಲ್ಲ. ನಮಗೆ ತಾಗುವುದು 2021ರ ಐಟಿ, ಅಂದರೆ ಮಾಹಿತಿ ತಂತ್ರಜ್ಞಾನ ನಿಯಮ. ಅದರ ಪ್ರಕಾರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ನಮ್ಮ ಮಾಹಿತಿ ಕೊಡಬೇಕು, ದೂರು ಕೇಳುವ ಒಬ್ಬ ಅಧಿಕಾರಿಯನ್ನು ಇಡಬೇಕು, ದೂರು ಬಂದರೆ 15 ದಿನದಲ್ಲಿ ತೀರ್ಮಾನಿಸಬೇಕು. ಮಾಹಿತಿ ಕೊಡುವುದು ಅಂದರೆ ಕೊಟ್ಟೆವು ಅಂತಷ್ಟೇ ಅರ್ಥ. ಕೆಲವರು ಅದಕ್ಕೇ "ಕೇಂದ್ರ ಸರ್ಕಾರದಿಂದ ಮಾನ್ಯತೆ ಪಡೆದ" ಅಂತ ಬೋರ್ಡ್ ಬರೆಸುತ್ತಾರೆ, ನೋಡಿದರೆ ನಗು ಬರುತ್ತದೆ. ಯೂಟ್ಯೂಬ್‌ನಲ್ಲಿ ಚಾನೆಲ್ ಹೆಸರಿನ ಪಕ್ಕ ಬರುವ ಟಿಕ್ ಗುರುತು ಕೂಡ ಹಾಗೇ. 1 ಲಕ್ಷ ಚಂದಾದಾರರು ಆದ ಮೇಲೆ ಅರ್ಜಿ ಹಾಕಬಹುದು, ಸಿಕ್ಕರೆ ಇದು ನಕಲಿ ಚಾನೆಲ್ ಅಲ್ಲ ಅಂತ ಗೊತ್ತಾಗುತ್ತದೆ. ಒಳಗಿನ ಸುದ್ದಿ ನಿಜವೋ ಸುಳ್ಳೋ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ: ಮೆಣಸಿನಕಾಯಿ.

ನಮ್ಮ ಚಾನೆಲ್‌ನಲ್ಲಿ ಜನ ಜಾಸ್ತಿ ನೋಡುವುದು ರಾಜಕೀಯ ಅಂದುಕೊಂಡಿದ್ದರೆ ತಪ್ಪು. ಸೀಸನ್‌ನಲ್ಲಿ ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಯ ದರದ ವಿಡಿಯೋ ಎಲ್ಲವನ್ನೂ ಹಿಂದೆ ಹಾಕುತ್ತದೆ. ದರ ಅಂದರೆ ಒಂದು ಸಂಖ್ಯೆ ಅಲ್ಲ, ಮೂರು. ಕನಿಷ್ಠ, ಗರಿಷ್ಠ, ಮಾದರಿ. ಗರಿಷ್ಠ ಅನ್ನುವುದು ಆ ದಿನ ಯಾವುದೋ ಒಂದು ಲಾಟ್‌ಗೆ ಬಿದ್ದದ್ದು. ಒಳ್ಳೇ ಬಣ್ಣದ, ಚೆನ್ನಾಗಿ ಒಣಗಿದ ಡಬ್ಬಿ ತಳಿಯ ಕಾಯಿ ನಾಲ್ಕೇ ಚೀಲ ಇದ್ದರೂ ಅದಕ್ಕೆ ವ್ಯಾಪಾರಿ ಟೆಂಡರ್‌ನಲ್ಲಿ ಹಾಕಿದ ಬೆಲೆ ಗರಿಷ್ಠ ಆಗಿಬಿಡುತ್ತದೆ. ಹೆಚ್ಚಿನ ಮಾಲು ಮಾರಾಟ ಆಗುವುದು ಮಾದರಿ ದರದ ಆಸುಪಾಸಿನಲ್ಲಿ, ಎರಡಕ್ಕೂ ನಡುವೆ ಕ್ವಿಂಟಲ್‌ಗೆ ಸಾವಿರಗಟ್ಟಲೆ ಅಂತರ. ಆದರೆ ಥಂಬ್‌ನೇಲ್ ಮೇಲೆ ಬರುವುದು ಗರಿಷ್ಠ, ಪಕ್ಕದಲ್ಲಿ ಬೆಂಕಿಯ ಚಿತ್ರ, "ದಾಖಲೆ ಬೆಲೆ". ಕುಂದಗೋಳದಲ್ಲೋ ಸವಣೂರಿನಲ್ಲೋ ಕೂತ ರೈತ ಅದನ್ನು ನೋಡಿ ರಾತ್ರಿಯೇ ಗಾಡಿ ಬಾಡಿಗೆ ಮಾತಾಡಿ ಚೀಲ ಹತ್ತಿಸುತ್ತಾನೆ. ಅವನ ಹತ್ತಿರ ಇರುವುದು ಕಡ್ಡಿ ತಳಿಯೋ ಗುಂಟೂರು ತಳಿಯೋ, ಇನ್ನೂ ಸ್ವಲ್ಪ ಹಸಿ ಬೇರೆ. ಅಲ್ಲಿ ಹೋಗಿ ಟೆಂಡರ್ ಪಟ್ಟಿ ನೋಡಿದಾಗ ವ್ಯಾಪಾರಿ ಮೋಸ ಮಾಡಿದ ಅನಿಸುತ್ತದೆ, ಯಾಕಂದ್ರೆ ಮೊಬೈಲ್‌ನಲ್ಲಿ ಬೇರೇನೇ ನೋಡಿ ಬಂದಿದ್ದಾನೆ.

2024ರ ಮಾರ್ಚ್ 11 ಸೋಮವಾರ, ದರ ಕುಸಿದ ಸಿಟ್ಟಿನಲ್ಲಿ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ಎಲ್ಲರಿಗೂ ನೆನಪಿರಬಹುದು. ಆ ಗಲಾಟೆಗೆ ಯೂಟ್ಯೂಬ್ ಕಾರಣ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನನ್ನ ಹತ್ತಿರ ಆಧಾರ ಇಲ್ಲ. ಆದರೆ ಅಷ್ಟು ಬಿಸಿ ಇರುವ ಜಾಗದಲ್ಲಿ ನಾವು ಸಂಖ್ಯೆಗಳನ್ನು ಎಸೆಯುತ್ತಿದ್ದೇವೆ ಅನ್ನುವುದಂತೂ ಹೌದು.

ಗರಿಷ್ಠ ದರ ದಪ್ಪಗೆ ಹಾಕೋಣ ಅಂತ ನಮ್ಮ ಎಡಿಟಿಂಗ್ ಹುಡುಗ ಹಠ ಹಿಡಿದಾಗ ಬ್ಯಾಡಗಿಯ ನಮ್ಮ ವರದಿಗಾರರು ಫೋನ್‌ನಲ್ಲೇ ಬೈದರು. ವಯಸ್ಸಿನಲ್ಲಿ ದೊಡ್ಡವರು, ಎಲ್ಲರೂ ಕಾಕಾ ಅಂತಲೇ ಕರೆಯುತ್ತೇವೆ. "ತಮ್ಮಾ, ನೀ ಹುಬ್ಬಳ್ಳ್ಯಾಗ ಕುಂತಿರ್ತಿ, ನಿನ್ನ ಯಾರೂ ಕೇಳಂಗಿಲ್ಲ. ಗುರುವಾರ ಮತ್ತ ಪ್ಯಾಟ್ಯಾಗ ನಿಂದ್ರಾಂವ ನಾ. ಆ ಮನಷ್ಯಾ ಗಾಡಿ ಬಾಡಿಗಿ ನನ್ನ ಕೇಳ್ತಾನ." ಹುಡುಗ ಸುಮ್ಮನಾದ. ನನಗೂ ಆ ಮಾತು ನಾಟಿತು. ಕಾಕಾಗೆ ಟಿಕ್ ಇಲ್ಲ, ಮಾನ್ಯತೆಯ ಕಾರ್ಡ್ ಇಲ್ಲ, ಮೈಕಿನ ಲೋಗೋ ಅರ್ಧ ಕಿತ್ತಿದೆ. ಆದರೂ ದಲಾಲಿ ಅಂಗಡಿಯವರು ಅವರಿಗೆ ಪಟ್ಟಿ ತೋರಿಸುತ್ತಾರೆ, ರೈತರು ಅವರ ಮುಂದೆ ಚೀಲ ಬಿಚ್ಚಿ ಕಾಯಿ ಮುರಿದು ತೋರಿಸುತ್ತಾರೆ. ತಪ್ಪು ಹೇಳಿದರೆ ಹಿಡಿದು ಕೇಳಲು ಸಿಗುವ ಮನುಷ್ಯ ಅವರು.

ಹಾಗಾಗಿ ಈಗ ನಮ್ಮಲ್ಲಿ ಮಾದರಿ ದರ ದೊಡ್ಡದಾಗಿ, ಗರಿಷ್ಠ ಕೆಳಗೆ ಸಣ್ಣದಾಗಿ, ಅದು ಎಷ್ಟು ಚೀಲದ ಲಾಟ್ ಅಂತ ಪಕ್ಕದಲ್ಲೇ. ತಳಿಯ ಹೆಸರು ಇಲ್ಲದ ದರ ಹಾಕುವುದೇ ಇಲ್ಲ. ನೋಡುವವರು ಕಡಿಮೆ ಆದರಾ? ಆದರು. ಬೆಂಕಿಯ ಚಿತ್ರ ಹಾಕುವ ಇನ್ನೊಂದು ಚಾನೆಲ್ ನಮಗಿಂತ ಮುಂದಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಫೋನ್‌ಗಳು ಬದಲಾದವು. "ನೀವರ ತೋರಸ್ರಿ" ಅನ್ನುವ ಫೋನ್ ಒಂದು ಬಗೆ. "ನಿಮ್ಮ ರೇಟ್ ನೋಡೇನ್ರಿ, ನಂದು ಕಡ್ಡಿ ಐತಿ, ಇನ್ನೊಂದೆರಡು ದಿನ ಒಣಗಸ್ಲೇನ್ರಿ?" ಅನ್ನುವ ಫೋನ್ ಬೇರೆ ಬಗೆ. ಎರಡನೆಯದಕ್ಕೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ, ದಲಾಲಿ ಅಂಗಡಿಯವರನ್ನೇ ಕೇಳಿ ಅನ್ನುತ್ತೇವೆ. ಆದರೆ ಆ ಫೋನ್ ಬಂದ ದಿನ ಕಾಕಾ ಖುಷಿಯಾಗಿರುತ್ತಾರೆ.

ಸಾವುನೋವಿನ ಸುದ್ದಿಗೆ ಇನ್ನೊಂದು ಕಟ್ಟುಪಾಡು ಇದೆ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿಯಿತಲ್ಲ, ಆಗ ಸತ್ತವರ ಸಂಖ್ಯೆ ದಿನದಿಂದ ದಿನಕ್ಕೆ ಏರಿ ಕೊನೆಗೆ 19ಕ್ಕೆ ಬಂತು. ಎರಡು ದಿನ ಕಳೆದ ಮೇಲೂ ಅವಶೇಷಗಳ ಅಡಿಯಿಂದ ಜನ ಜೀವಂತ ಹೊರಗೆ ಬಂದರು. ಅಂಥ ಕಡೆ "ಇಷ್ಟು ಸಾವು" ಅಂತ ಬರೀ ಸಂಖ್ಯೆ ಹಾಕಿದರೆ ಅದು ಒಂದೇ ಗಂಟೆಯಲ್ಲಿ ಸುಳ್ಳಾಗಬಹುದು. ಹೇಳಿದವರು ಯಾರು, ಎಷ್ಟು ಗಂಟೆಗೆ ಹೇಳಿದರು, ಈ ಎರಡೂ ಸಂಖ್ಯೆಯ ಜೊತೆಗೇ ಹೋಗಬೇಕು. ಯಾಕಂದ್ರೆ ನಮ್ಮ ವಿಡಿಯೋದ ಸ್ಕ್ರೀನ್‌ಶಾಟ್ ಕತ್ತರಿಸಿ ವಾಟ್ಸಾಪ್‌ನಲ್ಲಿ ತಿರುಗಿಸುತ್ತಾರೆ. ಗಂಟೆ ಇಲ್ಲದಿದ್ದರೆ ಸೋಮವಾರದ ಸಂಖ್ಯೆ ಗುರುವಾರವೂ ನಮ್ಮ ಲೋಗೋ ಹೊತ್ತು ಓಡಾಡುತ್ತದೆ. 2020ರಿಂದ ವಾಟ್ಸಾಪ್, ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಲು ಬಿಡುತ್ತದೆ ಅನ್ನುವುದೇನೋ ನಿಜ. ಆದರೆ ಊರಿನ ಗುಂಪಿಗೆ ಒಂದು ಸಲ ಬಿದ್ದರೆ ಸಾಕು ಅಲ್ವಾ, ಇಡೀ ಊರೇ ಅಲ್ಲಿದೆ.

ಕೊನೆಗೆ ದುಡ್ಡಿನ ಮಾತು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ಇಲ್ಲದೆ ಓದುಗರು ಕೊಟ್ಟ ದುಡ್ಡಿನಲ್ಲೇ ನಡೆಯಿತು ಅಂತ ಹಿರಿಯರು ನೆನಪಿಸುತ್ತಿರುತ್ತಾರೆ. ನಮ್ಮಿಂದ ಅದು ಆಗದು. ಯೂಟ್ಯೂಬ್ ಕೊಡುವ ದುಡ್ಡು ಬಾಡಿಗೆ, ಕರೆಂಟ್ ಬಿಲ್ಲಿಗೇ ಸರಿ, ಸಂಬಳ ಬರುವುದು ಆಸ್ಪತ್ರೆ, ಕೋಚಿಂಗ್ ಸೆಂಟರ್, ಲೇಔಟ್‌ನವರಿಂದ. ಅವರಿಗೆ ಬೇಕಾದದ್ದು ಜಾಹೀರಾತಲ್ಲ, ಸಂದರ್ಶನ. ನಮ್ಮದೇ ನಿರೂಪಕಿ ನಮ್ಮದೇ ಮೈಕು ಹಿಡಿದು, "ಡಾಕ್ಟ್ರೇ, ಮಂಡಿನೋವಿಗೆ ಏನು ಮಾಡಬೇಕು?" ಅಂತ ಕೇಳಬೇಕು. ಪರದೆಯ ಮೂಲೆಯಲ್ಲಿ ಕೊನೇವರೆಗೂ ಜಾಹೀರಾತು ಅಂತ ಬರೆದಿರುತ್ತೇವೆ ಅಂದಾಗ ಒಬ್ಬರು ನೇರವಾಗಿ ಕೇಳಿದರು, "ಹಂಗ ಬರದ್ರ ನಾ ಯಾಕ ರೊಕ್ಕ ಕೊಡ್ಲಿ?" ಸರಿಯಾದ ಪ್ರಶ್ನೆ. ಅವರು ಕೊಳ್ಳಲು ಬಂದದ್ದು ಕಾಕಾ ಬಿಸಿಲಲ್ಲಿ ನಿಂತು ಗಳಿಸಿದ್ದನ್ನು. ಅವರು ಎದ್ದು ಹೋದರು, ಒಂದು ಕೋಚಿಂಗ್ ಸೆಂಟರ್‌ನವರು ಒಪ್ಪಿ ಉಳಿದರು.

ಚುನಾವಣೆ ಬಂದರೆ ಇದು ಇನ್ನೂ ಗಟ್ಟಿಯಾಗಿ ಬರುತ್ತದೆ. ಅಭ್ಯರ್ಥಿಗಳ ಕಡೆಯವರು ಪ್ಯಾಕೇಜ್ ಅಂತಲೇ ಮಾತಾಡುತ್ತಾರೆ, ಕಾಸಿಗಾಗಿ ಸುದ್ದಿ ಅಂತ, ಚುನಾವಣೆ ಹೊತ್ತಿನಲ್ಲಿ ಮಾಧ್ಯಮಗಳ ಮೇಲೆ ಕಣ್ಣಿಡುವ ಜಿಲ್ಲಾ ಸಮಿತಿ ಹಿಡಿದರೆ ಅದು ಅಭ್ಯರ್ಥಿಯ ಖರ್ಚಿಗೆ ಸೇರುತ್ತದೆ ಅನ್ನುವುದು ಅವರಿಗೂ ಗೊತ್ತು. ಅದಕ್ಕೇ ಈ ಸಲದ ರೇಟ್ ಕಾರ್ಡ್‌ನ ಮೊದಲ ಸಾಲಿನಲ್ಲೇ, ದುಡ್ಡು ಕೊಟ್ಟ ಪ್ರತಿ ವಿಡಿಯೋ ಮೇಲೂ ಜಾಹೀರಾತು ಅಂತ ಇರುತ್ತದೆ ಎಂದು ಹಾಕಿಸಿದ್ದೇನೆ. ಮಾಲೀಕರು ಬೇಡ ಅಂದಿಲ್ಲ. ಆ ಸಾಲಿನ ಅಕ್ಷರ ಮಾತ್ರ ಸ್ವಲ್ಪ ಸಣ್ಣದು ಮಾಡು ಅಂತಿದ್ದಾರೆ. ಆ ಜಗಳ ಇನ್ನೂ ನಡೆದಿದೆ.